ನ್ಯಾಯದ ಅರಿವಿಗೊಂದು ಸಭೆ: ನಡೆಸುವ ಬಗೆ

ಊರ ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು ಕುಳಿತು ನ್ಯಾಯ ಹೇಳುವ ಪದ್ಧತಿಯನ್ನು ನಾವೆಲ್ಲ ಬಲ್ಲೆವು. ಆದರೆ ಎಷ್ಟೋ ಕಡೆ ಆ ಕಟ್ಟೆಯ ಮೇಲೆ ಹೆಂಗಸರಿಗೆ ಜಾಗವಿರಲಿಲ್ಲ. ಕೇರಿಯವರು ದೂರ ನಿಲ್ಲಬೇಕಾಗಿತ್ತು. ಮುಂಬಯಿಯಲ್ಲಿ ನಾವು ಸಭೆ ಕೂಡಿಸುವುದಾದರೆ ಈ ಕೊರತೆಯನ್ನು ಮೊದಲು ನೀಗಬೇಕು.

ದಿನ ಯಾವುದು? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ರಾಜ್ಯೋತ್ಸವ ಕಳೆದು ಎಂಟು ದಿನಕ್ಕೆ ಬರುವ ಈ ದಿನ, ಇಲ್ಲವೆ ಅದರ ಸಮೀಪದ ರಜಾ ದಿನ ಅನುಕೂಲವಾದುದು.

ಸ್ಥಳವು ನೆಲ ಅಂತಸ್ತಿನಲ್ಲಿರಲಿ. ಮುದುಕರೂ ಕುಂಟರೂ ಮೆಟ್ಟಿಲು ಹತ್ತಲಾರರು. ಯಾವುದೇ ಒಂದು ಜಾತಿಯ ಅಥವಾ ಮಠದ ಜಾಗವಾದರೆ ಉಳಿದವರು ಸಂಕೋಚಪಡುವರು. ಪಾಳಿ ನೋಡಿ ವೇಳೆ ಗೊತ್ತುಮಾಡಬೇಕು. ಎಲ್ಲರಿಗೂ ಒಂದೇ ಜಮಖಾನ, ಒಂದೇ ಚಹಾ. ವಕೀಲರು ಮರಾಠಿಯಲ್ಲಿ ಮಾತನಾಡಿದರೆ ಒಬ್ಬರು ಕನ್ನಡದಲ್ಲಿ ಹೇಳಲಿ.

ಏನು ತಿಳಿಸಬೇಕು? ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು—ಇವರಿಗೆ ಸರಕಾರದ ಖರ್ಚಿನಲ್ಲಿ ವಕೀಲರು ದೊರೆಯುವರು. ಇವರ ವರಮಾನವನ್ನು ಕೇಳುವುದಿಲ್ಲ. ಇತರರಿಗೆ ಮಾತ್ರ ವರಮಾನದ ಮಿತಿಯುಂಟು. ಸಹಾಯದ ದೂರವಾಣಿ 15100. ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ರಾಜಿ. ಅದರ ತೀರ್ಪಿನ ಮೇಲೆ ಅಪೀಲು ಇಲ್ಲವಾದ್ದರಿಂದ ಓದಿಸಿ ಕೇಳಿಕೊಳ್ಳದೆ ಯಾರೂ ರುಜು ಹಾಕಬಾರದು.

ಇನ್ನೊಂದು ಮಾತು. ಜಾತಿ ಪಂಚಾಯತಿಯವರು ಒಂದು ಮನೆಯನ್ನು ಬಹಿಷ್ಕರಿಸಿದರೆ ಮಹಾರಾಷ್ಟ್ರದ 2016ರ ಕಾಯಿದೆಯ ಪ್ರಕಾರ ಅದು ಅಪರಾಧ. ಮೂರು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಮದುವೆಗೆ ಕರೆಯಬಾರದು, ಹೆಣಕ್ಕೆ ಹೆಗಲು ಕೊಡಬಾರದು ಎಂಬ ಕಟ್ಟಳೆಗೆ ಹೆದರಿ ಬಾಯಿ ಮುಚ್ಚಿಕೊಂಡಿರುವವರಿಗೆ ಈ ಸಂಗತಿ ತಲುಪಲೇಬೇಕು.

ಎದ್ದುನಿಂತು ಕೇಳಲು ಅಂಜುವವರು ಬಹಳ. ಆದುದರಿಂದ ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿಸಬೇಕು. ಅಕ್ಷರ ಬಾರದವರಿಗೆ ನಾವು ಬರೆದುಕೊಡೋಣ. ಹೆಂಗಸರ ಚೀಟಿಗಳನ್ನು ಹೆಂಗಸರೇ ಬರೆಯಲಿ. ಯಾರ ಮನೆಯ ಜಗಳವನ್ನೂ ಸಭೆಯಲ್ಲಿ ವಿಚಾರಿಸಬಾರದು. ನಾವು ತೀರ್ಪು ಕೊಡತೊಡಗಿದರೆ ನಮ್ಮದೂ ಇನ್ನೊಂದು ಕಟ್ಟೆಯೇ ಆದೀತು. ದಾರಿ ತೋರಿಸುವುದಷ್ಟೇ ನಮ್ಮ ಕೆಲಸ.

ಸಭೆ ಮುಗಿದ ಮೇಲೆ, ನೆರವು ಬೇಕೆಂದವರ ಜೊತೆಗೆ ಒಬ್ಬೊಬ್ಬ ಸ್ವಯಂಸೇವಕರು ಜಿಲ್ಲಾ ಪ್ರಾಧಿಕಾರದ ಕಚೇರಿಯವರೆಗೆ ಹೋಗಿಬರಲಿ. ಪರಊರಿನಲ್ಲಿ ಕಚೇರಿಯ ಬಾಗಿಲಲ್ಲಿ ಒಂಟಿಯಾಗಿ ನಿಲ್ಲುವ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ.