ಮೂಲೆಗೆ ಹೊಂದುವ ತ್ರಿಕೋನ ಸಬ್‌ವೂಫರ್ ಪೆಟ್ಟಿಗೆ

ಕಾಮರ್ಸ್ ಓದುವವನು ಸ್ಪೀಕರ್ ಪೆಟ್ಟಿಗೆಯ ಬಗ್ಗೆ ಬರೆದಿದ್ದಾನೆ ಎಂದು ಸೈನ್ಸ್ ವಿಭಾಗದ ಗೆಳೆಯರು ನಗಬಹುದು. ನಗಲಿ. ಈ ಪೆಟ್ಟಿಗೆ ಮಾಡುವಾಗ ನಾನು ತಪ್ಪಿದ್ದು ವಿಜ್ಞಾನದಲ್ಲಲ್ಲ, ಲೆಕ್ಕದಲ್ಲಿ. ಆ ತಪ್ಪಿಗೆ ನಮ್ಮ ಅಬ್ಬಾ ಅವರ ಅರ್ಧ ಶೀಟ್ ಹಲಗೆ ಹಾಳಾಯಿತು. ನಿಮ್ಮದು ಹಾಳಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ತ್ರಿಕೋನ ಏಕೆ?

ಎರಡು ವರ್ಷದ ಈದಿ ದುಡ್ಡು ಕೂಡಿಟ್ಟು ನಾನು 8 ಇಂಚಿನ ಒಂದು ಸಬ್‌ವೂಫರ್ ಡ್ರೈವರ್ ಕೊಂಡೆ. ಡ್ರೈವರ್ ಎಂದರೆ ಪೆಟ್ಟಿಗೆಯಿಲ್ಲದ ಬರಿಯ ಸ್ಪೀಕರ್. ಪೆಟ್ಟಿಗೆ ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ನಮ್ಮ ಮನೆಗೆ ಇರುವುದು ಒಂದೇ ಹಾಲ್. ಒಂದು ಕಡೆ ದಾದಿಯವರ ಮಂಚ, ಇನ್ನೊಂದು ಕಡೆ ಬೀರು. ದಾದಿ ರಾತ್ರಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾರೆ. "ದಾದಿ ಕಾಲಿಗೆ ತಗಲುವ ಯಾವ ಡಬ್ಬವೂ ಈ ಮನೆಗೆ ಬರಕೂಡದು" ಎಂದು ಅಮ್ಮಿ ಖಂಡಿತವಾಗಿ ಹೇಳಿಬಿಟ್ಟರು. ಉಳಿದದ್ದು ಟಿವಿಯ ಪಕ್ಕದ ಮೂಲೆ ಮಾತ್ರ. ಚೌಕದ ಪೆಟ್ಟಿಗೆ ಇಟ್ಟರೆ ಅದರ ಒಂದು ಮೂಲೆ ದಾರಿಗೆ ಚಾಚುತ್ತದೆ. ಲಂಬಕೋನ ತ್ರಿಕೋನದ ಪೆಟ್ಟಿಗೆಯಾದರೆ ಎರಡು ಗೋಡೆಗೂ ಒರಗಿ ಕೂರುತ್ತದೆ.

ಆಕಾರ ಬದಲಾದರೆ ಸ್ವರ ಕೆಡುವುದಿಲ್ಲವೇ?

ನನಗೂ ಇದೇ ಅನುಮಾನವಿತ್ತು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸಬ್‌ವೂಫರ್ ನುಡಿಸುವ 50 ಹರ್ಟ್ಸ್ ಸ್ವರದ ಅಲೆಯ ಉದ್ದ ಬೇಕೆಂದರೆ 343ನ್ನು 50ರಿಂದ ಭಾಗಿಸಿ: 6.86 ಮೀಟರ್ ಬರುತ್ತದೆ. ನನ್ನ ಪೆಟ್ಟಿಗೆಯ ಒಂದು ಬದಿ ಅರ್ಧ ಮೀಟರ್ ಕೂಡ ಇಲ್ಲ. ಇಷ್ಟು ದೊಡ್ಡ ಅಲೆಗೆ ಇಷ್ಟು ಚಿಕ್ಕ ಪೆಟ್ಟಿಗೆಯ ಆಕಾರ ಲೆಕ್ಕಕ್ಕೇ ಬರುವುದಿಲ್ಲ. ಮಾತು, ಹಾಡು ನುಡಿಸುವ ಸಾಧಾರಣ ಸ್ಪೀಕರ್‌ಗಳ ವಿಷಯ ಬೇರೆ. ಅಲ್ಲಿ ಅಲೆಗಳು ಚಿಕ್ಕವು, ಆಕಾರಕ್ಕೆ ಬೆಲೆ ಇದೆ. ಸಬ್‌ವೂಫರ್‌ಗೆ ಮುಖ್ಯವಾದವು ಮೂರು: ಒಳಗಿನ ಗಾಳಿಯ ಪ್ರಮಾಣ, ಹಲಗೆಯ ಗಟ್ಟಿತನ, ಎಲ್ಲೂ ಗಾಳಿ ಸೋರದಿರುವುದು.

ಪೆಟ್ಟಿಗೆಯೇ ಬೇಡವೇ ಎಂದರೆ, ಬೇಕು. ಸ್ಪೀಕರ್‌ನ ಕೋನ್ ಮುಂದಕ್ಕೆ ಗಾಳಿಯನ್ನು ತಳ್ಳುವಾಗಲೇ ಹಿಂದೆ ಗಾಳಿಯನ್ನು ಎಳೆಯುತ್ತದೆ. ಮುಂದಿನ ಅಲೆ ಮತ್ತು ಹಿಂದಿನ ಅಲೆ ಸೇರಿದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಡ್ರೈವರನ್ನು ಬರಿಗೈಯಲ್ಲಿ ಹಿಡಿದು ನುಡಿಸಿ ನೋಡಿ, ಬೇಸ್ ಕೇಳುವುದೇ ಇಲ್ಲ. ಪೆಟ್ಟಿಗೆ ಹಿಂದಿನ ಅಲೆಯನ್ನು ಒಳಗೇ ಕಟ್ಟಿಹಾಕುತ್ತದೆ.

ಎಷ್ಟು ಲೀಟರ್?

ಇದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಮತ್ತು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಇದಕ್ಕೆ ಲೆಕ್ಕದ ದಾರಿ ತೋರಿಸಿದರು. ಡ್ರೈವರ್ ಜೊತೆ ಬರುವ ಚೀಟಿಯಲ್ಲಿ ಈ ಸಂಖ್ಯೆಗಳಿರುತ್ತವೆ. ನನ್ನದರಲ್ಲಿ ವಿಎಎಸ್ 24 ಲೀಟರ್, ಕ್ಯೂಟಿಎಸ್ 0.45, ಎಫ್‌ಎಸ್ 35 ಹರ್ಟ್ಸ್. ವಿಎಎಸ್ ಎಂದರೆ ಕೋನಿನ ಸ್ಪ್ರಿಂಗ್‌ತನಕ್ಕೆ ಸಮನಾದ ಗಾಳಿಯ ಪ್ರಮಾಣ. ಎಫ್‌ಎಸ್ ಎಂದರೆ ಡ್ರೈವರ್ ತಾನಾಗಿ ಅನುರಣಿಸುವ ಸ್ವರ. ಕ್ಯೂಟಿಎಸ್ ಎಂದರೆ ಆ ಅನುರಣನ ಎಷ್ಟು ಹತೋಟಿಯಲ್ಲಿದೆ ಎಂಬುದರ ಅಳತೆ.

ಮುಚ್ಚಿದ ಪೆಟ್ಟಿಗೆಯಲ್ಲಿ ಸ್ವರ ಗುಂಯ್‌ಗುಟ್ಟದೆ ಸಮವಾಗಿ ಬರಲು ಒಟ್ಟು ಕ್ಯೂ 0.707 ಇರಬೇಕು. ಲೆಕ್ಕ ಹೀಗೆ:

1. 0.707ನ್ನು 0.45ರಿಂದ ಭಾಗಿಸಿದರೆ 1.571.
2. ಅದರ ವರ್ಗ 2.468. ಅದರಲ್ಲಿ 1 ಕಳೆದರೆ 1.468.
3. 24ನ್ನು 1.468ರಿಂದ ಭಾಗಿಸಿದರೆ ಸುಮಾರು 16.35 ಲೀಟರ್.

ಆಗ ಪೆಟ್ಟಿಗೆಯೊಳಗೆ ಅನುರಣನದ ಸ್ವರ 35ರ 1.571 ಪಟ್ಟು, ಅಂದರೆ 55 ಹರ್ಟ್ಸ್. ಬೇಕಾದ ನಿವ್ವಳ ಗಾಳಿ 16.35 ಲೀಟರ್ ಎಂಬುದು ನೆನಪಿರಲಿ.

ನಾನು ಮಾಡಿದ ತಪ್ಪು

ಲಂಬವಾದ ಎರಡು ಬದಿ 36 ಸೆಂ.ಮೀ., ಎತ್ತರ 30 ಸೆಂ.ಮೀ. ಎಂದು ಬರೆದುಕೊಂಡೆ. ತ್ರಿಕೋನದ ವಿಸ್ತೀರ್ಣ 36 ಗುಣಿಸು 36, ಭಾಗಿಸು 2: 648. ಎತ್ತರದಿಂದ ಗುಣಿಸಿದರೆ 19,440 ಘನ ಸೆಂ.ಮೀ., ಅಂದರೆ 19.44 ಲೀಟರ್. ಡ್ರೈವರ್ ಒಳಗೆ ಸುಮಾರು 1 ಲೀಟರ್ ಜಾಗ ತಿನ್ನುತ್ತದೆ, ಆಸರೆಯ ಪಟ್ಟಿ 0.4 ಲೀಟರ್. ಕಳೆದರೂ ಬೇಕಾದ್ದಕ್ಕಿಂತ ಹೆಚ್ಚೇ ಉಳಿಯುತ್ತದೆ ಎಂದು ಖುಷಿಯಾದೆ. ಅಬ್ಬಾ ಬಡಗಿ. ಅವರು ಕೆಲಸಕ್ಕೆ ಹೋಗಿದ್ದಾಗ, ಗಿರಾಕಿಯೊಬ್ಬರ ಕಪಾಟಿಗೆಂದು ತಂದಿಟ್ಟಿದ್ದ 18 ಮಿ.ಮೀ. ಎಂಡಿಎಫ್‌ನ ಅರ್ಧ ಶೀಟನ್ನು ಕೇಳದೆಯೇ ಕತ್ತರಿಸಿದೆ. ಸಂಜೆ ಹೊಸದು ತಂದಿಟ್ಟರಾಯಿತು ಎಂದುಕೊಂಡಿದ್ದೆ.

ಸಂಜೆ ಅಬ್ಬಾ ಬಂದು ತುಂಡುಗಳನ್ನು ನೋಡಿದರು. ಬೈಯಲಿಲ್ಲ. "ಅಂದರ್ ಕಾ ನಾಪ್ ಲಿಯಾ ಕ್ಯಾ?" ಎಂದು ಮಾತ್ರ ಕೇಳಿದರು. ಒಳಗಿನ ಅಳತೆ ತೆಗೆದೆಯಾ ಎಂದು. ನಾನು ಕಾಗದ ತೋರಿಸಿದೆ. ಅವರು ಕಾಗದ ನೋಡಲಿಲ್ಲ. ಮೂರು ಹಲಗೆಗಳನ್ನು ತಳದ ಮೇಲೆ ನಿಲ್ಲಿಸಿ ಟೇಪ್ ಸುತ್ತಿದರು, ಅಮ್ಮಿಯಿಂದ ಅಕ್ಕಿ ಚೀಲ ಮತ್ತು ಒಂದು ಲೀಟರಿನ ಪಾವು ತರಿಸಿದರು. ಡ್ರೈವರ್‌ನ ತೂತು ಇನ್ನೂ ಕೊರೆದಿರಲಿಲ್ಲ. ಒಂದೊಂದೇ ಅಳತೆ ಸುರಿದೆವು, ದಾದಿ ಮಂಚದ ಮೇಲಿಂದ ಎಣಿಸಿದರು. ಹನ್ನೆರಡನೆಯದು ಪೂರ್ತಿ ಹಿಡಿಯಲೇ ಇಲ್ಲ.

ನಾನು ಲೆಕ್ಕ ಹಾಕಿದ್ದು ಹೊರಗಿನ ಅಳತೆಗೆ. ಹಲಗೆಯ ದಪ್ಪ ಐದೂ ಕಡೆಯಿಂದ ಒಳಕ್ಕೆ ಬರುತ್ತದೆ. ತ್ರಿಕೋನದ ಚೂಪು ಮೂಲೆಗಳಲ್ಲಿ ಅದು ಇನ್ನೂ ಹೆಚ್ಚು ತಿನ್ನುತ್ತದೆ. ಒಳಗಿನ ಬದಿ 36 ಅಲ್ಲ, 29.85 ಸೆಂ.ಮೀ.; ಎತ್ತರ 26.4. ಗಾಳಿ 11.76 ಲೀಟರ್. ಸುಮಾರು ಶೇ. 40 ಮಾಯ! ಡ್ರೈವರ್, ಆಸರೆ ಕಳೆದರೆ ಉಳಿಯುವುದು 10.4 ಲೀಟರ್ ಮಾತ್ರ. ಅದರಲ್ಲಿ ಒಟ್ಟು ಕ್ಯೂ 0.82ಕ್ಕೆ, ಅನುರಣನ 64 ಹರ್ಟ್ಸ್‌ಗೆ ಏರುತ್ತದೆ. ಆಳದ ಬೇಸ್ ಕಡಿಮೆಯಾಗಿ ಗುಂಯ್‌ಗುಟ್ಟುವುದು ಹೆಚ್ಚಾಗುತ್ತದೆ.

ವ್ಯಾಪಾರ ಖಾತೆಯ ಒಟ್ಟು ಲಾಭವನ್ನು ನೋಡಿ ಯಾರೂ ಮನೆ ಕಟ್ಟಿಸುವುದಿಲ್ಲ, ಲಾಭ-ನಷ್ಟ ಖಾತೆಯ ನಿವ್ವಳ ಲಾಭ ನೋಡಬೇಕು ಎಂದು ನಮಗೆ ಪಾಠ ಹೇಳುತ್ತಾರೆ. ಪರೀಕ್ಷೆಯಲ್ಲಿ ನಾನು ಅದನ್ನು ಸರಿಯಾಗಿಯೇ ಬರೆದಿದ್ದೆ. ಹಲಗೆಯ ಮೇಲೆ ಬರೆಯುವಾಗ ಮರೆತೆ.

ಸರಿಯಾದ ಪೆಟ್ಟಿಗೆ

ಈ ಸಲ ಒಳಗಿನಿಂದ ಹೊರಕ್ಕೆ ಲೆಕ್ಕ ಹಾಕಿದೆ. ನಿವ್ವಳ 16.35, ಡ್ರೈವರ್ 1, ಆಸರೆ 0.4: ಒಟ್ಟು 17.75 ಲೀಟರ್ ಬೇಕು. ಒಳಗಿನ ಬದಿ 35, ಎತ್ತರ 29 ಸೆಂ.ಮೀ. ಇಟ್ಟರೆ 612.5 ಗುಣಿಸು 29: 17.76 ಲೀಟರ್. ಎದುರು ಹಲಗೆಯ ಒಳಗಿನ ಅಗಲ 49.5 ಸೆಂ.ಮೀ., 8 ಇಂಚಿನ ಡ್ರೈವರ್‌ಗೆ ಧಾರಾಳ.

1. ಪಕ್ಕದ ಎರಡು ಹಲಗೆಗಳ ಮುಂದಿನ ಅಂಚನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ. ಎದುರು ಹಲಗೆ ಅದರ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಈ ಕೆಲಸ ಅಬ್ಬಾ ಮಾಡಿದರು, ನಾನು ಹಿಡಿದುಕೊಂಡೆ.
2. ಮೂರೂ ಹಲಗೆ ಸೇರಿಸಿದ ಚೌಕಟ್ಟನ್ನೇ ಶೀಟಿನ ಮೇಲಿಟ್ಟು ಪೆನ್ಸಿಲ್ ಎಳೆದು ಮೇಲಿನ ಮತ್ತು ಕೆಳಗಿನ ತ್ರಿಕೋನ ಕತ್ತರಿಸಿ. ಲೆಕ್ಕದ ಚಿಕ್ಕ ತಪ್ಪು ಇದರಲ್ಲಿ ಮುಚ್ಚಿಹೋಗುತ್ತದೆ.
3. ಸ್ಕ್ರೂ ಹಾಕುವ ಮೊದಲು ತೂತು ಕೊರೆಯಿರಿ, ಇಲ್ಲದಿದ್ದರೆ ಎಂಡಿಎಫ್ ಅಂಚು ಸೀಳುತ್ತದೆ. ಎಲ್ಲ ಜೋಡಣೆಗೂ ಅಂಟು ಬೇಕೇ ಬೇಕು. ಕತ್ತರಿಸುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಎದೆಗೆ ಒಳ್ಳೆಯದಲ್ಲ.
4. ಒಳಗಿನ ಸಂದುಗಳಿಗೆಲ್ಲ ಸಿಲಿಕೋನ್ ತುಂಬಿ ಒಂದು ದಿನ ಒಣಗಲು ಬಿಡಿ. ಒಳಗೆ ಹಳೆಯ ದಿಂಬಿನ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ಹಾಕಿ.
5. ಡ್ರೈವರ್ ಕೂರಿಸಿದ ಮೇಲೆ ಕೋನನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತಿ ಬಿಡಿ. ನಿಧಾನವಾಗಿ ವಾಪಸ್ ಬಂದರೆ ಪೆಟ್ಟಿಗೆ ಸೋರುತ್ತಿಲ್ಲ.

ಮೂಲೆಯ ಗುಣ, ಮೂಲೆಯ ದೋಷ

ಎರಡು ಗೋಡೆ ಮತ್ತು ನೆಲ ಸೇರುವಲ್ಲಿ ಬೇಸ್ ಎಲ್ಲ ಕಡೆ ಹರಡದೆ ಒಂದೇ ಕಡೆಗೆ ಬರುವುದರಿಂದ ಸ್ವರ ಜೋರಾಗುತ್ತದೆ. ಚಿಕ್ಕ ಆಂಪ್ಲಿಫೈಯರ್ ಸಾಕಾಗುತ್ತದೆ. ಆದರೆ ಕೋಣೆಯ ಸ್ವಂತ ಅನುರಣನಗಳೂ ಮೂಲೆಯಿಂದಲೇ ಹೆಚ್ಚು ಏಳುತ್ತವೆ. ಫೋನಿನಲ್ಲಿ 20ರಿಂದ 100 ಹರ್ಟ್ಸ್‌ವರೆಗೆ ಸ್ವರ ಏರಿಸುತ್ತ ಹೋದಾಗ ಒಂದು ಕಡೆ ಬೀರುವಿನ ಬಾಗಿಲು ನಡುಗಿತು. ಬಾಗಿಲಿಗೆ ರಬ್ಬರ್ ಅಂಟಿಸಿದೆವು, ವಾಲ್ಯೂಮ್ ಇಳಿಸಿದೆವು.

ಇನ್ನೊಂದು ಮಾತು. ಬೇಸ್ ಸ್ವರ ಗೋಡೆಯನ್ನು ಸುಲಭವಾಗಿ ದಾಟುತ್ತದೆ. ನಮ್ಮ ಆ ಗೋಡೆಯ ಆಚೆ ಪಕ್ಕದ ಮನೆಯವರ ತೊಟ್ಟಿಲಿದೆ. ಇಶಾ ನಮಾಝ್ ಆದ ಮೇಲೆ ಸಬ್‌ವೂಫರ್ ಬಂದ್ ಎಂದು ಅಬ್ಬಾ ಹೇಳಿದ್ದಾರೆ, ನಾನು ಪಾಲಿಸುತ್ತಿದ್ದೇನೆ.

ಖರ್ಚು

ಡ್ರೈವರ್ 2,400, ಹಾಳಾದ ಹಲಗೆ 1,100, ಹೊಸ ಹಲಗೆ 1,100, ಅಂಟು, ಸ್ಕ್ರೂ, ವೈರ್ 350. ಒಟ್ಟು 4,950 ರೂಪಾಯಿ. ಆಂಪ್ಲಿಫೈಯರ್ ಮನೆಯಲ್ಲಿದ್ದ ಹಳೆಯದು. ಒಟ್ಟು ಖರ್ಚಿನ ಶೇ. 22 ನನ್ನ ಒಂದು ತಪ್ಪಿನ ಬೆಲೆ. ಗಿರಾಕಿಯ ಕಪಾಟು ಎರಡು ದಿನ ತಡವಾಯಿತು, ಅಬ್ಬಾ ಅವರಲ್ಲಿ ಕ್ಷಮೆ ಕೇಳಬೇಕಾಯಿತು. ಅದನ್ನು ಯಾವ ಖಾತೆಗೂ ಬರೆಯಲು ಬರುವುದಿಲ್ಲ. ಆರು ಭಾನುವಾರ ಅವರ ಜೊತೆ ಕೆಲಸಕ್ಕೆ ಹೋಗಿ ಹಲಗೆ ಉಜ್ಜಿದೆ. ಕೆಟ್ಟ ತುಂಡುಗಳಿಂದ ಅಬ್ಬಾ ಅಮ್ಮಿಗೆ ಚಪ್ಪಲಿ ಸ್ಟ್ಯಾಂಡ್ ಮಾಡಿಕೊಟ್ಟರು.

ನಿಮಗೊಂದು ಲೆಕ್ಕ

ಹೊರಗಿನಿಂದ ಎಲ್ಲ ಬದಿಯೂ 27 ಸೆಂ.ಮೀ. ಇರುವ ಚೌಕದ ಪೆಟ್ಟಿಗೆ, ಹಲಗೆ 18 ಮಿ.ಮೀ. ಒಳಗೆ ಎಷ್ಟು ಲೀಟರ್? ಮೊದಲು ನೀವೇ ಮಾಡಿ. ಉತ್ತರ: ಹೊರಗೆ 19.68, ಒಳಗೆ 23.4ರ ಘನ, ಅಂದರೆ 12.81 ಲೀಟರ್. ನಷ್ಟ ಶೇ. 35. ಹೆಚ್ಚುಕಡಿಮೆ ಅಷ್ಟೇ ದೊಡ್ಡ ತ್ರಿಕೋನ ಪೆಟ್ಟಿಗೆಯಲ್ಲಿ ಶೇ. 40 ಏಕೆ ಹೋಯಿತು ಎಂಬುದಕ್ಕೆ ಕಾರಣ ಮೇಲೆಯೇ ಇದೆ, ಹುಡುಕಿ. ಉತ್ತರದ ಮೇಲೆ ಅನುಮಾನವಿದ್ದರೆ ಅಕ್ಕಿ ಸುರಿದು ಅಳೆಯಿರಿ. ಹಲಗೆ ಕತ್ತರಿಸುವ ಮೊದಲು ಮಾತ್ರ ಅದು ಯಾರದೆಂದು ಕೇಳಿಕೊಳ್ಳಿ.