ಆ ಗಂಡಸು ಎಲ್ಲಿಗೆ ಹೋದ?

ಓದಿಗೆ: ಯೊವಾನ್ನ 8:1-11

ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಎಳೆದು ತಂದು ಯೇಸುಸ್ವಾಮಿಯ ಮುಂದೆ ನಿಲ್ಲಿಸಿದ ಪ್ರಸಂಗ ನಿಮಗೆ ಗೊತ್ತಿದೆ. ಮೋಶೆಯ ಧರ್ಮಶಾಸ್ತ್ರ ಇಬ್ಬರಿಗೂ ಒಂದೇ ಶಿಕ್ಷೆ ಹೇಳಿತ್ತು; ಬೇಕಾದರೆ ಯಾಜಕಕಾಂಡ 20:10 ನೋಡಿ. ಹಾಗಾದರೆ ಜೊತೆಗಿದ್ದ ಗಂಡಸು ಎಲ್ಲಿ? ಕಲ್ಲು ಹಿಡಿದವರ ಗುಂಪಿನಲ್ಲೇ ಇದ್ದನೋ ಏನೋ!

ನಮ್ಮ ಸೊರಬ, ಶಿಕಾರಿಪುರ ಸೀಮೆಯ ಕ್ಯಾಸನೂರಿನ ಹೆಸರು ಲೋಕಕ್ಕೆ ತಿಳಿದದ್ದೇ ಒಂದು ಕಾಯಿಲೆಯಿಂದ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತವು, ಜನ ಜ್ವರದಿಂದ ಮಲಗಿದರು, ವೈರಾಣುವಿಗೆ ಆ ಕಾಡಿನ ಹೆಸರೇ ಬಿತ್ತು. ಇಂದಿಗೂ ಮಂಗ ಸತ್ತದ್ದು ಕಂಡರೆ ನಮ್ಮ ಗಂಡಸರು ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಉಣುಗು ಕಚ್ಚಿತೆಂದು ಹೇಳಲು ಯಾರಿಗೂ ನಾಚಿಕೆಯಿಲ್ಲ. ಆದರೆ ಎಚ್.ಐ.ವಿ. ಎಂದೊಡನೆ ಅದೇ ಗಂಡಸು ಬಾಯಿ ಮುಚ್ಚುತ್ತಾನೆ.

ಇದರ ಪೆಟ್ಟು ಬೀಳುವುದು ಹೆಂಡತಿಯ ಮೇಲೆ. ಗರ್ಭಿಣಿಯಾದಾಗ ಅವಳ ರಕ್ತವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಾರೆ. ಗಂಡನಿಗೆ ಬಸಿರಿಲ್ಲ, ತಾನಾಗಿ ಹೋಗದಿದ್ದರೆ ಪರೀಕ್ಷೆಯೂ ಇಲ್ಲ. ಹೀಗಾಗಿ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಕಾಣುವುದು ಅವಳ ರಕ್ತದಲ್ಲಿ. ಮೊದಲು ಕಂಡದ್ದನ್ನೇ ಮೊದಲು ಬಂದದ್ದು ಎಂದು ಅತ್ತೆ, ಮಾವ, ನೆಂಟರೆಲ್ಲ ತೀರ್ಮಾನಿಸಿಬಿಡುತ್ತಾರೆ. ನಮ್ಮ ದೇಶದಲ್ಲಿ ಸೋಂಕು ತಗಲಿದ ಬಹಳಷ್ಟು ಗೃಹಿಣಿಯರಿಗೆ ಅದು ಬಂದದ್ದು ಕಟ್ಟಿಕೊಂಡ ಗಂಡನಿಂದಲೇ. ಪರೀಕ್ಷೆಯು ಯಾರಿಗೆ ಸೋಂಕಿದೆ ಎಂದು ಹೇಳುತ್ತದೆ, ಯಾರಿಂದ ಬಂತೆಂದು ಹೇಳುವುದಿಲ್ಲ.

ಗಂಡ ಮರೆಮಾಚಿದರೆ ಏನು ನಷ್ಟ? 2004ರಿಂದ ಸರ್ಕಾರ ಎ.ಆರ್.ಟಿ. ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಮಾತ್ರೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ತಗ್ಗಿ ಹಾಗೇ ಉಳಿದರೆ ದಾಂಪತ್ಯದಲ್ಲಿ ಸಂಗಾತಿಗೆ ಅದು ಹರಡುವುದಿಲ್ಲ. ಚಿಕಿತ್ಸೆಯಿಲ್ಲದ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಚಿಕಿತ್ಸೆಯಿದ್ದರೆ 5ಕ್ಕಿಂತ ಕಡಿಮೆ. ಸುಮ್ಮನಿದ್ದ ಗಂಡ ಇಷ್ಟನ್ನೂ ಮನೆಯವರಿಂದ ಕಸಿದುಕೊಳ್ಳುತ್ತಾನೆ.

ಬಾಗಲಕೋಟೆ ಜಿಲ್ಲೆಯಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 2010ರ ದಶಕದಲ್ಲಿ ‘ಸಂವೇದನಾ ಪ್ಲಸ್’ ಎಂಬ ಕಾರ್ಯಕ್ರಮ ನಡೆಸಿತು. ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರಿಗಷ್ಟೇ ತಿಳಿವಳಿಕೆ ಹೇಳಿದರೆ ಸಾಲದು, ಅವರೊಡನೆ ಬಾಳುವ ಗಂಡಸರನ್ನೂ ಕೂರಿಸಿಕೊಂಡು ಹೊಡೆತ ಬಡಿತದ ಬಗ್ಗೆ ಮಾತಾಡಬೇಕು ಎಂಬುದು ಅದರ ಉದ್ದೇಶ. ನ್ಯಾಯವೇ. ಪೆಟ್ಟಿನ ಭಯವಿರುವ ಹೆಂಗಸು ‘ಬೇಡ’ ಎನ್ನಲಾರಳು, ‘ಪರೀಕ್ಷೆ ಮಾಡಿಸಿಕೊಳ್ಳಿ’ ಎಂದೂ ಕೇಳಲಾರಳು. ನಮ್ಮ ಕ್ರೈಸ್ತ ಮನೆಗಳಲ್ಲಿ ಹಾಗಿಲ್ಲ ಎನ್ನುವವರು ತಮ್ಮ ನೆರೆಮನೆಯ ಗೋಡೆಗೆ ಕಿವಿಗೊಡಲಿ. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಹೆಂಡತಿಗೆ ಹೇಳಿದ 22ನೇ ವಚನ ಗಂಡಸರಿಗೆ ಬಾಯಿಪಾಠ. ಗಂಡನಿಗೆ ಹೇಳಿದ 25ನೆಯದು ಮರೆತುಹೋಗಿರುತ್ತದೆ. ಹೆಂಗಸರನ್ನು ಹಿಂಸಿಸುವುದು ಗಂಡಸುತನವಲ್ಲ, ಹೇಡಿತನ ಎಂದು ದಿವಂಗತ ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬ ಕುರಿತ ತಮ್ಮ ಪ್ರಬೋಧನೆಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ಸರ್ಕಾರಿ ಪ್ರಚಾರ ಕಾಂಡೋಮಿನ ಮಾತಾಡುತ್ತದೆ, ಧರ್ಮಸಭೆ ದಾಂಪತ್ಯ ನಿಷ್ಠೆಯನ್ನು ಒತ್ತಿ ಹೇಳುತ್ತದೆ. ದಂಪತಿಗಳಲ್ಲಿ ಒಬ್ಬರಿಗೆ ಸೋಂಕಿದ್ದರೆ ವೈದ್ಯರ ಬಳಿಗೂ ನಿಮ್ಮ ಗುರುಗಳ ಬಳಿಗೂ ಇಬ್ಬರೂ ಕೂಡಿ ಹೋಗಿರಿ. ಒಪ್ಪಿಗೆಯಿಲ್ಲದೆ ಯಾರಿಗೂ ಪರೀಕ್ಷೆ ಮಾಡುವಂತಿಲ್ಲ. ಸೋಂಕಿನ ಕಾರಣಕ್ಕೆ ಹೆಂಡತಿಯನ್ನು ಮನೆಯಿಂದ ಹೊರಹಾಕುವಂತಿಲ್ಲ. 2017ರ ಎಚ್.ಐ.ವಿ. ಕಾಯ್ದೆ ಹಾಗೆ ಹೇಳುತ್ತದೆ. ಸಲಹೆ ಬೇಕಾದವರು 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಕುಟುಂಬ ಪ್ರಾರ್ಥನೆಯ ಬಳಿಕ ಮಾತಾಡಲು: ಹೆಂಡತಿಯ ಬಸಿರಿನ ತಪಾಸಣೆಗೆ ಗಂಡನೂ ಹೋಗಿ ತನ್ನ ರಕ್ತವನ್ನೂ ಕೊಡಲು ನಮ್ಮ ಮನೆಯಲ್ಲಿ ಅಡ್ಡಿಯೇನು? ಉತ್ತರವನ್ನು ಮೊದಲು ಗಂಡಸರು ಹೇಳಲಿ.