ವಾಚಿಗೂ ಫೋನಿಗೂ ಒಂದೇ ನಂಬರ್, ಅದು ಹೇಗೆ?

ಇಂಟರ್ನ್‌ಶಿಪ್‌ಗೆ ತಾಂಡ್ಯ ಕೈಗಾರಿಕಾ ಪ್ರದೇಶದ ಯಾವುದೋ ಕಾರ್ಖಾನೆಗೆ ಹೋಗಿದ್ದೀರಿ ಅಂತಿಟ್ಟುಕೊಳ್ಳಿ. ಗೇಟಿನಲ್ಲೇ ಫೋನ್ ಇಸ್ಕೊಂಡು ಲಾಕರಿನಲ್ಲಿಟ್ಟರು. ಕೈಯಲ್ಲಿ ಸೆಲ್ಯುಲರ್ ಸ್ಮಾರ್ಟ್‌ವಾಚ್ ಇದೆ. (ಅದೂ ಒಂದು ಫೋನೇ ಅಂತ ಸೆಕ್ಯುರಿಟಿಯವರಿಗೆ ಗೊತ್ತಿದ್ರೆ ಅದನ್ನೂ ಇಸ್ಕೊಳ್ತಿದ್ರು, ಆ ಮಾತು ಬಿಡಿ.) ಮನೆಯಿಂದ ಅಮ್ಮ ನಿಮ್ಮ ಮಾಮೂಲಿ ನಂಬರಿಗೆ ಕರೆ ಮಾಡ್ತಾರೆ. ಲಾಕರಿನ ಫೋನೂ ರಿಂಗಾಗುತ್ತೆ, ಕೈಯಲ್ಲಿರೋ ವಾಚೂ ರಿಂಗಾಗುತ್ತೆ. ಒಂದೇ ನಂಬರ್ ಎರಡು ಕಡೆ ಇರೋದು ಹೇಗೆ?

ಅಸಲಿಗೆ ನಂಬರ್ ಫೋನಿನೊಳಗೆ ಇರೋದೇ ಇಲ್ಲ. ಹಳೇ ಲ್ಯಾಂಡ್‌ಲೈನಿನಲ್ಲಿ ನಂಬರ್ ಅಂದ್ರೆ ಜಾಗ: 08221 ಅಂದ್ರೆ ನಂಜನಗೂಡು, 08227 ಅಂದ್ರೆ ತಿ. ನರಸೀಪುರ. ಎಕ್ಸ್‌ಚೇಂಜಿನಿಂದ ತಂತಿ ಯಾವ ಮನೆಗೆ ಹೋಗಿದೆಯೋ ಕರೆಯೂ ಅಲ್ಲಿಗೇ. ಮೊಬೈಲಿನಲ್ಲಿ ಹಾಗಲ್ಲ. ಟವರಿಗೆ ನಿಮ್ಮ ಹತ್ತಂಕಿ ನಂಬರ್ ಬೇಕಾಗಿಲ್ಲ. ಅದಕ್ಕೆ ಬೇಕಿರೋದು ಸಿಮ್‌ನಲ್ಲಿರೋ ಐಎಂಎಸ್‌ಐ ಎಂಬ ಗುರುತು. ಇದು ಸಾಮಾನ್ಯವಾಗಿ 15 ಅಂಕಿಯದು, ಭಾರತದ್ದಾದರೆ 404 ಅಥವಾ 405ರಿಂದ ಶುರು. ಜೊತೆಗೆ ಸಿಮ್ ಬಿಟ್ಟು ಹೊರಗೆ ಬಾರದ ಒಂದು ಗುಟ್ಟಿನ ಕೀ. ಈ ಗುರುತಿಗೆ ಯಾವ ಫೋನ್ ನಂಬರ್ ಅನ್ನೋದು ಕಂಪನಿಯ ಡೇಟಾಬೇಸಿನಲ್ಲಿರೋ ಒಂದು ಸಾಲು, ಅಷ್ಟೇ. ಸಿಮ್ ಕಳೆದು ಹೊಸದು ತಗೊಂಡ್ರೂ ಅದೇ ನಂಬರ್ ಸಿಗೋದು ಇದಕ್ಕೇ. ಬದಲಾಗೋದು ಐಎಂಎಸ್‌ಐ, ನಂಬರಲ್ಲ.

ಹಾಗಾದ್ರೆ ಫೋನಿನ ಸಿಮ್ಮನ್ನೇ ವಾಚಿಗೆ ನಕಲು ಮಾಡಿದ್ರೆ ಆಯ್ತಲ್ಲ? ಆಗಲ್ಲ. ಒಂದೇ ಐಎಂಎಸ್‌ಐ ಇನ್ನೊಂದು ಕಡೆಯಿಂದ ನೋಂದಾಯಿಸಿದ ತಕ್ಷಣ ನೆಟ್‌ವರ್ಕ್ ಹಿಂದಿನದನ್ನ ಕಿತ್ತುಹಾಕುತ್ತೆ. ವಾಚೂ ಫೋನೂ ದಿನವಿಡೀ ಜಗಳ ಆಡ್ತಾ ಕೂರಬೇಕಾಗುತ್ತೆ. ಅದಕ್ಕೇ ವಾಚಿನ ಇ-ಸಿಮ್‌ಗೆ ಬೇರೆಯದೇ ಐಎಂಎಸ್‌ಐ, ಬೇರೆಯದೇ ಕೀ ಇಳಿಯುತ್ತೆ. ಕೆಲವು ಕಂಪನಿಗಳು ಒಳಗೊಳಗೇ ಅದಕ್ಕೊಂದು ಗುಪ್ತ ನಂಬರನ್ನೂ ಕೊಡ್ತವೆ, ನಾವ್ಯಾರೂ ಅದನ್ನ ಡಯಲ್ ಮಾಡಲ್ಲ.

ಎರಡನ್ನೂ ಹೊಲಿಯೋ ಕೆಲಸ ನಡೆಯೋದು ವೋಲ್ಟೆ ಕರೆಗಳನ್ನ ನೋಡ್ಕೊಳ್ಳೋ ಐಎಂಎಸ್ ಎಂಬ ಪದರದಲ್ಲಿ. ಅಲ್ಲಿ ಎರಡು ಬಗೆಯ ಗುರುತು: ಪ್ರತಿ ಸಿಮ್ಮಿಗೂ ಒಂದು ಖಾಸಗಿ ಗುರುತು, ಹೊರಗಿನವರಿಗೆ ಕಾಣೋ ಒಂದು ಸಾರ್ವಜನಿಕ ಗುರುತು, ಅಂದ್ರೆ ನಿಮ್ಮ ನಂಬರ್. ಎರಡು ಖಾಸಗಿ ಗುರುತುಗಳು ಒಂದೇ ಸಾರ್ವಜನಿಕ ಗುರುತನ್ನ ಹಂಚಿಕೊಳ್ಳಬಹುದು. ಅಮ್ಮನ ಕರೆ ಬಂದಾಗ ಸರ್ವರ್ ಆ ಆಹ್ವಾನವನ್ನ ಕವಲೊಡೆಸಿ ಎರಡಕ್ಕೂ ಕಳಿಸುತ್ತೆ. ಮೊದಲು ಎತ್ತಿದ್ದಕ್ಕೆ ಮಾತು, ಇನ್ನೊಂದಕ್ಕೆ ರದ್ದತಿ ಸಂದೇಶ. ವಾಚಿನಿಂದ ನೀವು ಕರೆ ಮಾಡಿದಾಗಲೂ ಆಚೆ ಕಡೆ ಕಾಣೋದು ಅದೇ ನಂಬರ್. ಫೋನ್ ಪಕ್ಕದಲ್ಲೇ ಇದ್ರೆ ಇಷ್ಟೆಲ್ಲ ಬೇಕಿಲ್ಲ, ಬ್ಲೂಟೂತ್ ಸಾಕು. ಬ್ಯಾಟರಿ ಉಳಿಸೋಕೆ ವಾಚ್ ತನ್ನ ಮೋಡೆಮ್ ಮಲಗಿಸಿಬಿಡುತ್ತೆ.

ಈ ಸಾಲುಗಳೆಲ್ಲ ಒಂದೇ ಕಂಪನಿಯ ಡೇಟಾಬೇಸಿನಲ್ಲಿ ಇರೋದ್ರಿಂದ ಫೋನಿನಲ್ಲಿ ಒಂದು ಕಂಪನಿ, ವಾಚಿನಲ್ಲಿ ಇನ್ನೊಂದು ಅಂದ್ರೆ ನಡೆಯಲ್ಲ. 2018ರ ಮೇ ತಿಂಗಳಲ್ಲಿ ಸೆಲ್ಯುಲರ್ ಆಪಲ್ ವಾಚ್ ಭಾರತಕ್ಕೆ ಬಂದಾಗ ಜೊತೆಗಿದ್ದದ್ದು ಜಿಯೋ, ಏರ್‌ಟೆಲ್ ಎರಡೇ. ಮಕ್ಕಳಿಗೆ ಕಟ್ಟೋ, ಸಿಮ್ ತೂರಿಸೋ ಜಾಗ ಇರೋ ವಾಚುಗಳ ಕಥೆ ಬೇರೆ, ಅವಕ್ಕೆ ಸ್ವಂತ ನಂಬರೇ ಇರುತ್ತೆ.

ಒಂದು ವಿಷಯ ಮಾತ್ರ ನೆನಪಿರಲಿ: ಕರೆ ಕವಲೊಡೆದ ಹಾಗೆ ಎಸ್‌ಎಂಎಸ್ ಕೂಡ ಬರುತ್ತೆ ಅಂದ್ಕೋಬೇಡಿ. ಆಪಲ್ ವಾಚಿನಲ್ಲಿ ಎಸ್‌ಎಂಎಸ್ ಬರೋದು ಫೋನಿನ ಮೂಲಕ. ಫೋನ್ ದೂರ ಇದ್ರೂ ಪರವಾಗಿಲ್ಲ, ಆನ್ ಆಗಿ ನೆಟ್‌ವರ್ಕಿನಲ್ಲಿರಬೇಕು. ಲಾಕರಿನಲ್ಲಿ ಫೋನಿನ ಚಾರ್ಜ್ ಮುಗಿದಿದ್ರೆ ಅಮ್ಮನ ಕರೆ ಬರುತ್ತೆ, ಬ್ಯಾಂಕಿನ ಓಟಿಪಿ ಬರಲ್ಲ. ಇನ್ನು ವಾಚನ್ನ ಜೂನಿಯರಿಗೆ ಮಾರ್ತೀರಾದ್ರೆ, ಫೋನಿನಿಂದ ಬಿಡಿಸುವಾಗ ಸೆಲ್ಯುಲರ್ ಪ್ಲಾನ್ ಇಟ್ಕೋಬೇಕಾ, ತೆಗೀಬೇಕಾ ಅಂತ ಕೇಳುತ್ತೆ. ತೆಗೀರಿ, ಆಮೇಲೆ ಕಂಪನಿಗೂ ಹೇಳಿ ಆ ಸಾಲು ಅಳಿಸಿಸಿ.